ಹಳ್ಳಿಕಾರ್ ಹೋರಿ: ಜಾತ್ರೆಗೂ ಬೀಜಕ್ಕೂ

ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಮುಡುಕುತೊರೆ ಮುಂತಾದ ದನಗಳ ಜಾತ್ರೆಗಳಲ್ಲಿ ಹಳ್ಳಿಕಾರ್ ಹೋರಿಗಳ ಜೋಡಿಗಿರುವ ಬೇಡಿಕೆ ರೈತ ಬಾಂಧವರಿಗೆ ತಿಳಿದದ್ದೇ. ಆದರೆ ಒಳ್ಳೆಯ ಹೋರಿಕರುಗಳು ಎಳವೆಯಲ್ಲೇ ಮಾರಾಟವಾಗಿ, ಬೀಜ ಒಡೆಸಿಕೊಂಡು ನೊಗಕ್ಕೆ ಹೋಗುತ್ತವೆ. ಯಾರೂ ಕೊಳ್ಳದ ಕರು ಊರಲ್ಲೇ ಉಳಿದು ಹಸುಗಳ ಮೇಲೆ ಹಾರುತ್ತದೆ. ಹೀಗಾದರೆ ತಳಿ ಇಳಿಯದೆ ಇನ್ನೇನಾದೀತು? ಆದುದರಿಂದ ಒಂದು ಉತ್ತಮ ಕರುವನ್ನಾದರೂ ಬೀಜಕ್ಕೆಂದು ಉಳಿಸಿಕೊಳ್ಳುವುದು ಅಗತ್ಯ.

ಆಯ್ಕೆಗೆ ಮೊದಲು ತಂದೆ ತಾಯಿಗಳನ್ನು ನೋಡಬೇಕು. ಉದ್ದನೆಯ ಹಣೆ, ಅದರ ನಡುವೆ ಗೀರಿನಂತಹ ತಗ್ಗು, ನೆತ್ತಿಯ ಮೇಲೆ ಹತ್ತಿರ ಹತ್ತಿರದಿಂದ ಹೊರಟು ಹಿಂದಕ್ಕೆ ಸಾಗುವ ಕೊಂಬು, ಬೂದು ಬಣ್ಣ, ತೆಳುವಾದ ಗಂಗೆದೊಗಲು ಈ ತಳಿಯ ಲಕ್ಷಣಗಳು. ಕರುವಿನ ಎರಡು ವೃಷಣಗಳೂ ಚೀಲಕ್ಕೆ ಇಳಿದಿರಬೇಕು. ಒಂದೇ ಇಳಿದಿದ್ದರೆ ಬೀಜಕ್ಕೆ ಇಡಕೂಡದು; ಆ ದೋಷ ಸಂತಾನಕ್ಕೂ ಹೋಗುತ್ತದೆ. ಸುಳಿ ಸರಿಯಿಲ್ಲವೆಂದು ಕರುವನ್ನು ತಳ್ಳಿಹಾಕುವ ರೂಢಿಯಿದೆ. ಸುಳಿಗೂ ಸಂತಾನದ ಗುಣಕ್ಕೂ ಸಂಬಂಧವಿಲ್ಲ. ಜಾತ್ರೆಯಲ್ಲಿ ಬೆಲೆ ಇಳಿಯುವುದೇನೋ ನಿಜ, ಆದರೆ ಬೀಜಕ್ಕೆ ಹುಡುಕುವವನಿಗೆ ಅದೇ ಲಾಭ!

ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು. 10-15 ದಿನಕ್ಕೆ ಮೊದಲ ಜಂತುಹುಳುವಿನ ಔಷಧಿ, ಬಳಿಕ 6 ತಿಂಗಳವರೆಗೆ ಪಶುವೈದ್ಯರ ಸಲಹೆಯಂತೆ. ಹಸು ಕಡಸುಗಳಿಂದ ಬೇರೆ ಕಟ್ಟುವುದನ್ನು ಮರೆಯಬಾರದು.

ಮುಖ್ಯವಾದ ಮಾತು ಮೇವಿನದು. ಜಾತ್ರೆ ಹತ್ತಿರವಾದಂತೆ ಹೋರಿಗೆ ಬೆಣ್ಣೆ, ಮೊಟ್ಟೆ, ಬೇಯಿಸಿದ ಹುರುಳಿ, ಹಿಂಡಿ ಯಥೇಚ್ಛವಾಗಿ ತಿನ್ನಿಸುವುದುಂಟು. ಮೈ ಮಿರುಗುತ್ತದೆ, ನೋಡುವವರು ಮೆಚ್ಚುತ್ತಾರೆ. ಆದರೆ ವೃಷಣಗಳು ದೇಹಕ್ಕಿಂತ ಕೆಲವು ಡಿಗ್ರಿ ತಂಪಾಗಿದ್ದರೆ ಮಾತ್ರ ಒಳ್ಳೆಯ ವೀರ್ಯಾಣು ಉತ್ಪತ್ತಿಯಾಗುತ್ತದೆ. ಚೀಲದ ಸುತ್ತ ಕೊಬ್ಬು ಸೇರಿದರೆ ಶಾಖ ಹೊರಹೋಗುವುದಿಲ್ಲ. ವೀರ್ಯಾಣು ಬೆಳೆದು ಹೊರಬರಲು ಸುಮಾರು 2 ತಿಂಗಳು ಬೇಕಾಗುವುದರಿಂದ ಇಂದಿನ ಕೆಡುಕು ತಿಂಗಳುಗಳ ನಂತರ, ಹಸುಗಳು ಗಬ್ಬ ನಿಲ್ಲದಾಗ ಗೊತ್ತಾಗುತ್ತದೆ. ಇದ್ದಕ್ಕಿದ್ದಂತೆ ಕಾಳು ಹೆಚ್ಚಿಸಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಗೊರಸೂ ನೋಯುತ್ತದೆ. ಕುಂಟುವ ಹೋರಿ ಹಸುವಿನ ಮೇಲೆ ಹಾರಲಾರದು. ರಾಗಿ ಹುಲ್ಲು, ಹಸಿರು ಮೇವನ್ನೇ ಆಧಾರವಾಗಿಟ್ಟು, ಹಿಂಡಿ ಬೂಸಾವನ್ನು ಎರಡು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ, ಖನಿಜ ಮಿಶ್ರಣ ಸೇರಿಸಬೇಕು. ಬೆನ್ನ ಮೇಲೆ ಕೈಯಾಡಿಸಿದಾಗ ಪಕ್ಕೆಲುಬು ಕೈಗೆ ಸಿಗುವಂತಿರಲಿ.

ದಿನವೂ ಒಂದೆರಡು ಮೈಲಿ ನಡೆಸಿದರೆ ಕಾಲು ಗಟ್ಟಿಯಾಗುವುದಲ್ಲದೆ ಹಗ್ಗಕ್ಕೂ ಜನಸಂದಣಿಗೂ ಹೊಂದಿಕೊಳ್ಳುತ್ತದೆ. ಬೆದರಿ ಎಳೆದಾಡುವ ಹೋರಿಯ ನಡಿಗೆಯನ್ನು ಯಾವ ತೀರ್ಪುಗಾರನೂ ನೋಡಲಾರ. ಬೆಳೆದ ಗೊರಸನ್ನು ಜಾತ್ರೆಗೆ ಮೂರ್ನಾಲ್ಕು ವಾರ ಮೊದಲೇ ಕತ್ತರಿಸಬೇಕು, ಹಿಂದಿನ ದಿನ ಬೇಡ. ಕೊಂಬು ಹೆರೆಯುವವರು ನೆತ್ತರು ಕಾಣುವವರೆಗೆ ಹೆರೆಯುತ್ತಾರೆ. ಅದು ಹಿಂಸೆ, ನೊಣ ಕೂತು ಹುಣ್ಣಾದೀತು. ಮೈ ತೊಳೆದು, ಒಣಗಿದ ಮೇಲೆ ಬ್ರಷ್‌ನಿಂದ ಉಜ್ಜಿದರೆ ಸಾಕು.

ಕಾಲುಬಾಯಿ ಜ್ವರದ ಲಸಿಕೆಯನ್ನು ಕನಿಷ್ಠ 3 ವಾರ ಮುಂಚೆ ಹಾಕಿಸಬೇಕು. 2022ರ ಕೊನೆಯಲ್ಲಿ ಚರ್ಮಗಂಟು ರೋಗದಿಂದಾಗಿ ಜಾತ್ರೆಗಳನ್ನೇ ನಿಷೇಧಿಸಬೇಕಾಗಿ ಬಂದದ್ದು ನೆನಪಿರಲಿ. ಜಾತ್ರೆಯಲ್ಲಿ ನಮ್ಮದೇ ಬಕೆಟ್ಟಿನಲ್ಲಿ ನೀರು ಕುಡಿಸುವುದು ಕ್ಷೇಮ. ಮರಳಿ ಬಂದ ಹೋರಿಯನ್ನು 3 ವಾರ ಪ್ರತ್ಯೇಕವಾಗಿ ಕಟ್ಟಿ, ಕಂದು ಹಾಕಿಸುವ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸಿ, ವಯಸ್ಸು ಸುಮಾರು 3 ವರ್ಷ ತುಂಬಿದ್ದರೆ ಮಾತ್ರ ವಾರಕ್ಕೆ ಎರಡು ಮೂರು ಹಸುಗಳಿಗೆ ಬಿಡಬಹುದು. ಅದರ ಮಗಳು ಬೆದೆಗೆ ಬರುವ ಹೊತ್ತಿಗೆ ಬೇರೆ ಊರಿನವರೊಡನೆ ಹೋರಿಯನ್ನು ಅದಲು ಬದಲು ಮಾಡಿಕೊಳ್ಳಬೇಕು.