ನಿಮ್ಮ ವೆಬ್‌ಪುಟ ಗೂಗಲ್‌ಗೆ ಸಿಗುತ್ತಿದೆಯೇ? ಹೀಗೆ ಪರೀಕ್ಷಿಸಿ

ತಿಕೋಟಾ, ಬಬಲೇಶ್ವರ ಭಾಗದ ಒಣದ್ರಾಕ್ಷಿ ಬಹುಕಾಲದಿಂದ ಸಾಂಗ್ಲಿ, ತಾಸಗಾಂವ ಮಾರುಕಟ್ಟೆಗೆ ಹೋಗುತ್ತಿದೆ. ಗ್ರಾಹಕರಿಗೆ ನೇರವಾಗಿ ಮಾರಲು ಬಯಸುವ ಬೆಳೆಗಾರರಿಗೆ, ಗೋಳಗುಮ್ಮಟ ನೋಡಲು ಬರುವವರನ್ನು ನೆಚ್ಚಿಕೊಂಡ ವಿಜಯಪುರದ ವಸತಿಗೃಹಗಳಿಗೆ ಸ್ವಂತ ವೆಬ್‌ಸೈಟ್ ದೊಡ್ಡ ಆಸರೆ. ಆದರೆ ಮೊಬೈಲ್‌ನಲ್ಲಿ ಸೈಟ್ ತೆರೆದುಕೊಂಡ ಮಾತ್ರಕ್ಕೆ ಗೂಗಲ್ ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ ಎಂದಲ್ಲ. ಈ ಸೇರ್ಪಡೆಯೇ ಇಂಡೆಕ್ಸಿಂಗ್. ಜಾಹೀರಾತಿಗೆ ಹಣ ಹಾಕುವ ಮೊದಲು ಇದನ್ನು ನೋಡಿಕೊಳ್ಳಿ, ಪರೀಕ್ಷೆಗೆ ಖರ್ಚಿಲ್ಲ.

ಮೊದಲು, ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಸೈಟ್’ ಎಂದು ಬರೆದು, ಕೋಲನ್ (:) ಹಾಕಿ, ನಡುವೆ ಜಾಗ ಬಿಡದೆ ನಿಮ್ಮ ಸೈಟಿನ ವಿಳಾಸ ಟೈಪ್ ಮಾಡಿ. ಪುಟಗಳು ಬಂದರೆ ಸೇರಿವೆ. ಏನೂ ಬಾರದಿದ್ದರೆ ಎಲ್ಲೋ ತಡೆಯಿದೆ ಎಂದು ಶಂಕಿಸಿ.

ಖಚಿತ ಉತ್ತರ ಕೊಡುವುದು ಗೂಗಲ್‌ನ ಉಚಿತ ಸೇವೆ ಸರ್ಚ್ ಕನ್ಸೋಲ್. ಸೈಟ್ ನಿಮ್ಮದೆಂದು ಅಲ್ಲಿ ದೃಢಪಡಿಸಬೇಕು. ಇದನ್ನು ಸೈಟ್ ಮಾಡಿಕೊಟ್ಟವರ ಖಾತೆಯಲ್ಲಲ್ಲ, ನಿಮ್ಮದೇ ಜಿಮೇಲ್ ಖಾತೆಯಲ್ಲಿ ಮಾಡಿಸಿ. ನಾಳೆ ಅವರು ಕೆಲಸ ಬಿಟ್ಟರೂ ಕೀಲಿಕೈ ನಿಮ್ಮ ಬಳಿ ಇರಬೇಕು. ನಂತರ ‘ಯುಆರ್‌ಎಲ್ ಇನ್‌ಸ್ಪೆಕ್ಷನ್’ನಲ್ಲಿ ಪುಟದ ವಿಳಾಸ ಹಾಕಿದರೆ, ಪುಟ ಗೂಗಲ್‌ನಲ್ಲಿ ಇದೆಯೋ ಇಲ್ಲವೋ, ಇಲ್ಲದಿದ್ದರೆ ಕಾರಣವೇನು ಎಂಬುದು ತಿಳಿಯುತ್ತದೆ.

ವರ್ಡ್‌ಪ್ರೆಸ್ ಸೈಟಾದರೆ ಸೆಟ್ಟಿಂಗ್ಸ್‌ನ ‘ರೀಡಿಂಗ್’ ಪುಟಕ್ಕೆ ಹೋಗಿ. ಸರ್ಚ್ ಎಂಜಿನ್‌ಗಳು ಬೇಡ ಎನ್ನುವ ಚೌಕವೊಂದು ಅಲ್ಲಿದೆ. ಸೈಟ್ ಕಟ್ಟುವಾಗ ಅದಕ್ಕೆ ಟಿಕ್ ಹಾಕಿ, ಮುಗಿದ ಮೇಲೆ ತೆಗೆಯಲು ಮರೆಯುವುದುಂಟು. ಬೇರೆ ಸೈಟುಗಳಲ್ಲಿ, ಕಂಪ್ಯೂಟರಿನಲ್ಲಿ ಪುಟ ತೆರೆದು ಕಂಟ್ರೋಲ್ ಮತ್ತು ಯು ಕೀಲಿ ಒಟ್ಟಿಗೆ ಒತ್ತಿ, ‘ನೋಇಂಡೆಕ್ಸ್’ ಎಂಬ ಇಂಗ್ಲಿಷ್ ಪದ ಹುಡುಕಿ. ಸಿಕ್ಕರೆ ತೆಗೆಸಿ.

ಯಾವ ಪುಟಗಳತ್ತ ಬರಬಾರದು ಎಂದು ಸರ್ಚ್ ಎಂಜಿನ್‌ಗಳಿಗೆ ಹೇಳುವ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಕಡತವನ್ನೂ ನೋಡಬೇಕು. ಈ ಪದ್ಧತಿ 1994ರಿಂದ ಬಳಕೆಯಲ್ಲಿದೆ. ಸೈಟಿನ ವಿಳಾಸದ ಮುಂದೆ ಓರೆಗೆರೆ ಹಾಕಿ ಕಡತದ ಹೆಸರು ಬರೆದರೆ ತೆರೆದುಕೊಳ್ಳುತ್ತದೆ. ‘ಯೂಸರ್ ಏಜೆಂಟ್’ ಎದುರು ನಕ್ಷತ್ರ ಚಿಹ್ನೆ, ಕೆಳಗೆ ‘ಡಿಸ್‌ಅಲೋ’ ಎದುರು ಬರೀ ಓರೆಗೆರೆ ಇದ್ದರೆ ಇಡೀ ಸೈಟಿಗೇ ಬೀಗ ಬಿದ್ದಿದೆ ಎಂದರ್ಥ.

ಕನ್ನಡದ ಸೈಟುಗಳಿಗೆ ಇನ್ನೊಂದು ಸಂಕಷ್ಟವಿದೆ, ಇದು ಸುಲಭವಾಗಿ ಗಮನಕ್ಕೆ ಬರುವುದಿಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಪುಟ, ಪಿಡಿಎಫ್ ನಮ್ಮ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಗೂಗಲ್ ಮಾತ್ರ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಓದುತ್ತದೆ. ಪುಟದ ಒಂದು ಸಾಲು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್. ಕಲಸಿಹೋದರೆ ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಾಯಿಸಿ, ಮತ್ತೆ ಪ್ರಕಟಿಸಿ. ದರಪಟ್ಟಿಯನ್ನು ಬರೀ ಪೋಸ್ಟರ್ ಚಿತ್ರವಾಗಿ ಹಾಕಿದ್ದರೆ ಕೆಳಗೆ ಅಕ್ಷರದಲ್ಲೂ ಬರೆಯಿರಿ. ಊರಿನ ಜತೆ ತಾಲ್ಲೂಕು, ಜಿಲ್ಲೆ ನಮೂದಿಸಿ; ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಬದಲಾಗಿದ್ದರೂ ಹೊರಗಿನವರು ಬಿಜಾಪುರ ಎಂದು ಹುಡುಕುವುದು ನಿಂತಿಲ್ಲ, ಆ ಹೆಸರೂ ಒಂದು ಕಡೆ ಇರಲಿ.

ಎಲ್ಲ ಸರಿಪಡಿಸಿದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಒತ್ತಿ. ಪದೇಪದೇ ಒತ್ತಿದರೆ ಕೆಲಸ ಬೇಗ ಆಗುವುದಿಲ್ಲ. ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದು ಬಂದರೆ ಗೂಗಲ್ ಪುಟ ನೋಡಿದೆ, ಆದರೆ ಸೇರಿಸಿಕೊಂಡಿಲ್ಲ. ಪುಟದಲ್ಲಿ ಹುರುಳಿಲ್ಲದಿದ್ದರೆ ಹೀಗಾಗಬಹುದು. ಒಣದ್ರಾಕ್ಷಿಯಾದರೆ ಯಾವ ತಳಿ, ಥಾಮ್ಸನ್ ಸೀಡ್‌ಲೆಸ್ಸೋ ಬೇರೆಯೋ, ಶೆಡ್‌ನಲ್ಲಿ ಹೇಗೆ ಒಣಗಿಸಿದ್ದು, ಯಾವ ಗ್ರೇಡ್, ಯಾವ ಊರಿನ ತೋಟದ್ದು ಎಂಬುದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ.

ಪುಟ ಸೇರಲು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯಬಹುದು. ದ್ರಾಕ್ಷಿ ಕೊಯ್ಲು ಜೋರಾಗುವ ಫೆಬ್ರುವರಿಯವರೆಗೆ ಕಾಯದೆ ಡಿಸೆಂಬರ್‌ನಲ್ಲೇ ಈ ಪರೀಕ್ಷೆ ಮುಗಿಸಿಕೊಳ್ಳಿ.