ಒಂದು ವಿಷಯ ಉಳಿದರೆ ಪದವಿ ನಿಲ್ಲುವುದಿಲ್ಲ

ಪ್ರಶ್ನೆ: ನಿಪ್ಪಾಣಿಯ ಬಿ.ಕಾಂ. ವಿದ್ಯಾರ್ಥಿನಿಯೊಬ್ಬರು ಮರಾಠಿ ಮಾಧ್ಯಮದಲ್ಲಿ ಓದಿ ಬಂದವರು. ಲೆಕ್ಕಶಾಸ್ತ್ರದಲ್ಲಿ ಅನುತ್ತೀರ್ಣರಾಗಿದ್ದು, ಮನೆಯಲ್ಲಿ ತಿಳಿಸಿಲ್ಲ. ಕಾಲೇಜು ಬಿಡಬೇಕೆ ಎಂದು ಕೇಳಿದ್ದಾರೆ.

ಉತ್ತರ: ಸೆಮಿಸ್ಟರ್ ಪದ್ಧತಿಯಲ್ಲಿ ಉಳಿದ ವಿಷಯವನ್ನಷ್ಟೇ ಮತ್ತೆ ಬರೆಯಲು ಅವಕಾಶವಿರುವುದರಿಂದ ಕಾಲೇಜು ಬಿಡುವ ಕಾರಣವಿಲ್ಲ. ಮೊದಲು ಅಂಕಪಟ್ಟಿಯಲ್ಲಿ ಆಂತರಿಕ ಅಂಕ, ಅಂದರೆ ಕಾಲೇಜೇ ಕಿರುಪರೀಕ್ಷೆ, ನಿಯೋಜನೆಗಳಿಗೆ ಕೊಡುವ ಅಂಕ, ಸರಿಯಾಗಿ ಸೇರಿದೆಯೇ ನೋಡಿ. ಬಿಟ್ಟುಹೋಗಿದ್ದರೆ ಪ್ರಾಚಾರ್ಯರಿಗೆ ಲಿಖಿತ ಅರ್ಜಿ ಕೊಡಿ. ನಿರೀಕ್ಷೆಗೂ ಅಂಕಕ್ಕೂ ಅಂತರ ದೊಡ್ಡದಿದ್ದರೆ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲಿನ ಗಡುವು, ಶುಲ್ಕಗಳನ್ನು ಕಾಲೇಜು ಕಚೇರಿಯಲ್ಲಿ ವಿಚಾರಿಸಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು; ಆದರೆ ಅದರ ಫಲಿತಾಂಶಕ್ಕೆ ಕಾಯುತ್ತ ಮರುಪರೀಕ್ಷೆಯ ಶುಲ್ಕದ ಕೊನೆಯ ದಿನವನ್ನು ತಪ್ಪಿಸಿಕೊಳ್ಳಬಾರದು.

ಎಡವಿದ್ದು ಲೆಕ್ಕದಲ್ಲೋ ಭಾಷೆಯಲ್ಲೋ ಎಂಬುದನ್ನು ಬೋಧಕರೊಂದಿಗೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಗುರುತಿಸಿ. ಹೊಂದಾಣಿಕೆ ನಮೂದುಗಳಲ್ಲಿ, ಅಂದರೆ ಬಾಕಿ ಸಂಬಳ, ಸವಕಳಿ ಮುಂತಾದವನ್ನು ವರ್ಷಾಂತ್ಯದಲ್ಲಿ ಲೆಕ್ಕಕ್ಕೆ ಸೇರಿಸುವಲ್ಲಿ, ತಪ್ಪಾಗುತ್ತಿದ್ದರೆ ದಿನಕ್ಕೊಂದು ಲೆಕ್ಕ ಮಾಡಿ. ಪದಗಳೇ ಅರ್ಥವಾಗದಿದ್ದರೆ ಇಂಗ್ಲಿಷ್, ಕನ್ನಡ, ಮರಾಠಿ ಪದಗಳನ್ನು ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿವೇತನವಿದ್ದರೆ, ಒಂದು ವಿಷಯ ಉಳಿದಾಗ ಅದರ ನವೀಕರಣದ ನಿಯಮವೇನೆಂದು ಕಾಲೇಜು ಕಚೇರಿಯಲ್ಲಿ ಈಗಲೇ ಕೇಳಿ.

ಮರುಪರೀಕ್ಷೆಯ ಯೋಜನೆಯನ್ನು ಕೈಯಲ್ಲಿಟ್ಟುಕೊಂಡು ಮನೆಯವರಿಗೆ ಈ ವಾರವೇ ತಿಳಿಸಿ. ಚಿಂತೆಯಿಂದ ನಿದ್ದೆ, ಊಟ ಕೆಟ್ಟು ಎರಡು ವಾರ ಕಳೆದರೂ ಸರಿಹೋಗದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ತಡಮಾಡದೆ ನಂಬಿಕಸ್ಥರಿಗೆ ಹೇಳಿ, ಉಚಿತ ಟೆಲಿಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.