ಹಿಮದ ಇಳಿಜಾರು: ಹೊರಡುವ ಮುನ್ನ

ಪ್ರಶ್ನೆ: ಕುಂತಿಬೆಟ್ಟ ಹತ್ತಿ ರೂಢಿಯಿರುವ ಮಗ ಮಾರ್ಚ್‌ನಲ್ಲಿ ಹಿಮಾಲಯ ಚಾರಣಕ್ಕೆ ಹೊರಟಿದ್ದಾನೆ. ಹಿಮಕುಸಿತದ ಭಯವಿದೆ. ಕಳಿಸಬಹುದೆ?
– ಓದುಗರು, ಪಾಂಡವಪುರ

ಉತ್ತರ: ಬಂಡೆ ಹತ್ತಿದ ಅನುಭವ ಕಾಲಿಗೆ ಬಲ ಕೊಡುತ್ತದಾದರೂ ಹಿಮದ ಅಪಾಯವನ್ನು ತಗ್ಗಿಸುವುದಿಲ್ಲ. ಹಿಮವು ಪದರಪದರವಾಗಿ ಕೂಡುವುದರಿಂದ, ಒಳಗಿನ ದುರ್ಬಲ ಪದರದ ಮೇಲೆ ಹೊಸ ಹಿಮದ ಇಲ್ಲವೆ ಚಾರಣಿಗರ ಭಾರ ಬಿದ್ದಾಗ ಮೇಲಿನ ಹಾಸು ಒಮ್ಮೆಲೇ ಜಾರುತ್ತದೆ; ಇದೇ ಹಿಮಕುಸಿತ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಸೇರಿದಂತೆ 10 ಯೋಧರನ್ನು ಬಲಿ ಪಡೆದದ್ದು ಹಿಮಕುಸಿತವೇ.

ಮಗನ ಮುಂದೆ ಎರಡು ದಾರಿಗಳಿವೆ: ಹಿಮ ಕರಗಿದ ಋತುವಿಗೆ ಚಾರಣವನ್ನು ಮುಂದೂಡುವುದು, ಅಥವಾ ತರಬೇತಾದ ಮಾರ್ಗದರ್ಶಕರೊಂದಿಗೆ ಮಾತ್ರ ಹೋಗುವುದು. ಎರಡನೆಯದಾದರೆ, ಚಂಡೀಗಢದ ಡಿಆರ್‌ಡಿಒ ಸಂಸ್ಥೆಯ ಹಿಮಕುಸಿತ ಮುನ್ಸೂಚನೆಯನ್ನು ನಿತ್ಯ ನೋಡಬೇಕು; ಭಾರೀ ಹಿಮ ಬಿದ್ದ ಬಳಿಕ ಕನಿಷ್ಠ ಎರಡು ದಿನ, ಎಚ್ಚರಿಕೆ ಮುಂದುವರಿದಿದ್ದರೆ ಇನ್ನೂ ಹೆಚ್ಚು ಕಾಲ, 30ರಿಂದ 45 ಡಿಗ್ರಿಯ ಇಳಿಜಾರುಗಳಿಂದ ಮತ್ತು ಅವುಗಳ ಬುಡದಿಂದ ದೂರವಿರಬೇಕು. ಹೂತವರು ಬದುಕುವ ಸಾಧ್ಯತೆ ಸುಮಾರು 15 ನಿಮಿಷಗಳ ನಂತರ ವೇಗವಾಗಿ ಕುಸಿಯುವುದರಿಂದ, ಪ್ರತಿಯೊಬ್ಬರ ಬಳಿ ಸಂಕೇತ ಸಾಧನ, ಶೋಧಕಡ್ಡಿ ಮತ್ತು ಸಲಿಕೆ ಇರಲೇಬೇಕು. ಉಬ್ಬಸ, ರಕ್ತದೊತ್ತಡ ಅಥವಾ ಹೃದಯದ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕಾಣಬೇಕು.

ಈ ಸಿದ್ಧತೆಗಳಲ್ಲಿ ಒಂದು ತಪ್ಪಿದರೂ ಪ್ರಯಾಣವನ್ನು ಮುಂದೂಡಿಸಿ.